ಏಳನೆಯವನು

ಶಿಲುಬೆಯ ಮೇಲಿನ ಪಿಕರಿಂಗ್ ಎಂಬ ಹೆಸರಿನ ಮೊದಲ ಅಕ್ಷರದ ಹೊಟ್ಟೆಯೊಳಗೆ ಹಕ್ಕಿಯ ಹಿಕ್ಕೆ ಒಣಗಿ ಕೂತಿತ್ತು. ಎಲ್ಡನ್ ಪ್ರೌಟ್ ಮೊಣಕಾಲೂರಿ ಬ್ರಷ್ಷಿನ ಮೂಲೆಯಿಂದ ಅದನ್ನು ಎಬ್ಬಿಸಲು ನೋಡುತ್ತಿದ್ದ. ಈ ಕೆಲಸ ಮಾಡುವಾಗ ಮುಖದ ಮೇಲೆ ಎಷ್ಟು ದುಃಖ ಇಟ್ಟುಕೊಳ್ಳಬೇಕು ಎಂಬುದು ಎಂಟು ವಾರವಾದರೂ ಅವನಿಗೆ ಬಗೆಹರಿದಿರಲಿಲ್ಲ. ಹೆಚ್ಚಾದರೆ ಗೇಟಿನ ಹತ್ತಿರ ಸೈಕಲ್ಲಿಗೆ ಒರಗಿ ಸೇಬು ತಿನ್ನುತ್ತಿರುವ ಜರ್ಮನ್ ಕಾವಲಿನವನಿಗೆ ಅನುಮಾನ ಬಂದೀತು: ಲಿಯೇಜಿನಿಂದ ಬಂದ ಕಿವುಡ ಮೂಗನೊಬ್ಬನಿಗೆ ಸತ್ತ ಇಂಗ್ಲಿಷ್ ವಿಮಾನದವರ ಮೇಲೆ ಎಲ್ಲಿಯ ಮಮತೆ? ಕಡಿಮೆಯಾದರೆ ಪಕ್ಕದಲ್ಲಿ ತನ್ನ ಗಂಡನ ಗೋರಿ ತಿಕ್ಕುತ್ತಿರುವ ಮದಾಮ್ ಓರ್ತಾನ್ಸ್‌ಗೆ ಬೇಜಾರಾಗುತ್ತದೆ. ಅವನನ್ನು ಮನೆಯಲ್ಲಿಟ್ಟುಕೊಂಡು, ತಮ್ಮನ ಮಗ ಎಂದು ಕಾಗದ ಮಾಡಿಸಿ, ಸಿಕ್ಕಿಬಿದ್ದರೆ ಅವನಿಗಿಂತ ಮೊದಲು ಗುಂಡಿಗೆ ಎದುರಾಗಿ ಗೋಡೆಗೆ ನಿಲ್ಲಬೇಕಾದವಳು ಆಕೆ. ಅಂಥವಳಿಗೆ ಬೇಜಾರು ಮಾಡುವುದು ಸಣ್ಣತನ. ಆದ್ದರಿಂದ ಅವನು ಒಂದು ಮಧ್ಯಮ ದರ್ಜೆಯ ದುಃಖವನ್ನು ರೂಢಿಸಿಕೊಂಡಿದ್ದ: ಗೇಟಿನ ಕಡೆಯಿಂದ ನೋಡಿದರೆ ಸೊಂಟನೋವಿನಂತೆ, ಮದಾಮಿನ ಕಡೆಯಿಂದ ನೋಡಿದರೆ ಎದೆನೋವಿನಂತೆ ಕಾಣುವಂಥದ್ದು.

ನಾಳೆ ಸಕಲ ಸಂತರ ಹಬ್ಬ, ಗೋರಿಗಳಿಗೆ ಹೂವಿಡುವ ದಿನ. ಮೊರ್ವಾ ಊರಿನ ಹೆಂಗಸರೆಲ್ಲ ಬಕೆಟ್ಟು, ಬ್ರಷ್ಷು, ಕಪ್ಪು ಸಾಬೂನು ಹಿಡಿದು ಬಂದು ತಮ್ಮ ತಮ್ಮ ಸತ್ತವರನ್ನು ತೊಳೆಯುತ್ತಿದ್ದರು. ಗಂಡ ಬದುಕಿದ್ದಾಗ ಒಂದು ದಿನವೂ ಅವನ ಬೆನ್ನು ಉಜ್ಜದವರು ಇವತ್ತು ಅವನ ಕಲ್ಲನ್ನು ಕನ್ನಡಿಯಂತೆ ಉಜ್ಜುತ್ತಾರೆ, ಪಕ್ಕದ ಕಲ್ಲು ಇನ್ನೂ ಹೊಳೆಯುತ್ತಿದ್ದರೆ ಮತ್ತೆ ನೀರು ತರುತ್ತಾರೆ. ಗೋಡೆಯ ಪಕ್ಕದ ಆರು ಮರದ ಶಿಲುಬೆಗಳು ಮಾತ್ರ ಎಲ್ಡನ್ನನ ಪಾಲಿಗೆ ಬಂದಿದ್ದವು. ಸೆಪ್ಟೆಂಬರಿನಲ್ಲಿ ಲಬಾರ್ ಎಂಬ ರೈತನ ಬೀಟ್‌ಗೆಡ್ಡೆ ಹೊಲದಲ್ಲಿ ಬಿದ್ದು ಸುಟ್ಟುಹೋದ ವಿಮಾನದ ಆರು ಹೆಣಗಳು. ನಾಲ್ಕಕ್ಕೆ ಹೆಸರಿತ್ತು, ಎರಡಕ್ಕೆ ಇರಲಿಲ್ಲ. "ನಿನ್ನ ಆರು ಜನ ಅಣ್ಣತಮ್ಮಂದಿರು" ಎಂದು ಮದಾಮ್ ಓರ್ತಾನ್ಸ್ ಅವರ ಬಗ್ಗೆ ಮಾತಾಡುವಾಗ ಪ್ರತಿಸಲವೂ ಒಂದೇ ಜಾಗದಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಅವನು ತಲೆ ತಗ್ಗಿಸುತ್ತಿದ್ದ. ಆ ಆರು ಜನರಲ್ಲಿ ಒಬ್ಬನ ಮುಖವನ್ನೂ ಅವನು ಜನ್ಮದಲ್ಲಿ ಕಂಡಿರಲಿಲ್ಲ.

ಅವನ ನಿಜವಾದ ಜೊತೆಗಾರರು, ಎಲ್ಲ ಸರಿಯಾಗಿ ನಡೆದಿದ್ದರೆ, ಅದೇ ರಾತ್ರಿ ಇಂಗ್ಲೆಂಡಿನಲ್ಲಿ ಇಳಿದು ಹುರಿದ ಮೊಟ್ಟೆ ತಿಂದಿರಬೇಕು. ದಾಳಿಗೆ ಹೋಗಿ ಬಂದವರಿಗೆ ತಲೆಗೊಂದು ಮೊಟ್ಟೆ. ತನ್ನ ಪಾಲಿನದನ್ನು ಯಾರು ತಿಂದಿರಬಹುದು ಎಂದು ಅವನು ಎಷ್ಟೋ ಸಲ ಯೋಚಿಸಿದ್ದ, ಯಾಕೆಂದರೆ ಅದರಿಂದಾಚೆಗೆ ಯೋಚನೆ ಹೋಗದಂತೆ ಆ ಮೊಟ್ಟೆ ಅಡ್ಡ ನಿಲ್ಲುತ್ತಿತ್ತು. ಅವನು ವಿಮಾನದ ಬಾಲದಲ್ಲಿ ಕೂರುವ ಬಂದೂಕಿನವನು. ಎಲ್ಲಿಗೆ ಹೋಗುತ್ತಿದ್ದೇವೆ ಎಂಬುದು ಬಾಲದವನಿಗೆ ಕಾಣುವುದಿಲ್ಲ, ಎಲ್ಲಿಂದ ಬಂದೆವು ಎಂಬುದು ಮಾತ್ರ ಕಾಣುತ್ತದೆ. ನಾಲ್ಕು ಎಂಜಿನ್ನುಗಳಲ್ಲಿ ಬಲಗಡೆಯ ಒಂದಕ್ಕೆ ಬೆಂಕಿ ಹತ್ತಿದಾಗ ಅವನಿಗೆ ಕಂಡದ್ದು ತನ್ನ ಕೈಗಳ ಮೇಲೆ ಬಿದ್ದ ಕಿತ್ತಳೆ ಬೆಳಕು. ಕ್ಯಾಪ್ಟನ್ನು ಕಿವಿಯಲ್ಲಿ, ಎಲ್ಲರೂ ಪ್ಯಾರಾಚೂಟ್ ಕಟ್ಟಿಕೊಂಡು ಸಿದ್ಧವಾಗಿರಿ ಎಂದ. ಸಿದ್ಧವಾಗಿರಿ ಎಂದ, ಹಾರಿ ಎನ್ನಲಿಲ್ಲ. ಪ್ಯಾರಾಚೂಟು ಇದ್ದದ್ದು ಬೆನ್ನ ಹಿಂದಿನ ಪುಟ್ಟ ಬಾಗಿಲಾಚೆ. ತಿರುಗಿ ಅದನ್ನು ಎಳೆದುಕೊಳ್ಳಬೇಕಾದರೆ ಕಿವಿಗೆ ಮಾತು ತರುವ ತಂತಿಯನ್ನು ಕಳಚಬೇಕು. ಕಳಚಿದ. ಕಟ್ಟಿಕೊಂಡ ಮೇಲೆ ತಂತಿಯನ್ನು ಮತ್ತೆ ಸಿಕ್ಕಿಸಿ, ಅಪ್ಪಣೆಗೆ ಕಾಯಬೇಕು. ಇದನ್ನು ತರಬೇತಿಯಲ್ಲಿ ನಲವತ್ತು ಸಲ ಮಾಡಿಸಿದ್ದರು. ನಲವತ್ತು ಸಲವೂ ಸಿಕ್ಕಿಸಿದ್ದ. ನಲವತ್ತೊಂದನೆಯ ಸಲ ಬೆನ್ನು ಹಿಂದೆ ಮಾಡಿ ಕತ್ತಲೆಗೆ ಉರುಳಿಕೊಂಡ. ಪ್ಯಾರಾಚೂಟು ಬಿಚ್ಚಿಕೊಂಡು, ತೊಡೆಸಂದಿಯಲ್ಲಿ ಪಟ್ಟಿ ಕಚ್ಚಿ, ಕಣ್ಣು ಬಿಟ್ಟು ನೋಡುತ್ತಾನೆ: ಬೆಂಕಿ ಆರಿದೆ. ವಿಮಾನ ಮೂರು ಎಂಜಿನ್ನುಗಳ ಮೇಲೆ, ರೆಕ್ಕೆ ಒಂದಿಷ್ಟೂ ವಾಲದೆ, ತಿಂಗಳ ಬೆಳಕಿನಲ್ಲಿ ನೆಟ್ಟಗೆ ಮನೆಯ ಕಡೆ ಹೋಗುತ್ತಿದೆ. ಬಸ್ಸು ತಪ್ಪಿಸಿಕೊಂಡವನಂತೆ ಅವನು ಒಂದು ಕೈ ಎತ್ತಿದ್ದ. ಆ ಕೈಯನ್ನು ನೆನೆದರೆ ಈಗಲೂ ಮೈಯೆಲ್ಲ ಬಿಸಿಯಾಗುತ್ತದೆ.

ಆ ಬೆಳಗ್ಗೆ ಮದಾಮ್ ಓರ್ತಾನ್ಸಿನ ಈರುಳ್ಳಿ ಪಾತಿಯಲ್ಲಿ ಅವನನ್ನು ಕಂಡುಹಿಡಿದದ್ದು ಆಕೆಯ ಕೋಳಿಗಳು. ಆಮೇಲೆ ಬಂದದ್ದು ಊರಿನ ಅರ್ಸೆನ್ ಮೇಷ್ಟ್ರು. ಸಿಕ್ಕ ವಿಮಾನದವರನ್ನು ಪರೀಕ್ಷಿಸಿ ಗಡಿ ದಾಟಿಸುವ ಗುಂಪಿನ ಕೊಂಡಿ ಈ ಊರಲ್ಲಿ ಅವರೇ. ಮೂವತ್ತು ವರ್ಷ ಗಣಿತ ಹೇಳಿದವರು. ಮೊದಲು ಕೇಳಿದ್ದೇ, ವಿಮಾನದಲ್ಲಿ ಎಷ್ಟು ಜನ ಇದ್ದಿರಿ ಎಂದು. ಏಳು ಎಂದ. ಮೇಷ್ಟ್ರು ಕನ್ನಡಕ ತೆಗೆದರು. "ಆರು ಜನ ಹೋಗಿಬಿಟ್ರಪ್ಪ, ಮಗಾ" ಎಂದರು. ಮದಾಮ್ ಓರ್ತಾನ್ಸ್ ಅಡುಗೆಮನೆಯ ಕುರ್ಚಿಯಲ್ಲಿ ಕುಸಿದು ಅತ್ತಳು. ಯಾರ ಬಗ್ಗೆ ಹೇಳುತ್ತಿದ್ದಾರೆ ಎಂದು ತಿಳಿಯಲು ಅವನಿಗೆ ಒಂದು ಗಳಿಗೆ ಹಿಡಿಯಿತು. ಆ ಗಳಿಗೆ ಮುಗಿಯುವಷ್ಟರಲ್ಲಿ ಅವನ ಮುಂದೆ ಬ್ರಾಂದಿ ಇತ್ತು, ಹೆಗಲ ಮೇಲೆ ಕಂಬಳಿ ಇತ್ತು, ಒಬ್ಬಳು ಮುದುಕಿ ಅವನ ಪಾದ ತೊಳೆಯುತ್ತಿದ್ದಳು. ಪಾದ ಹೆಂಗಸೊಬ್ಬಳ ಕೈಯಲ್ಲಿರುವಾಗ, ಸ್ವಾಮಿ, ಅದು ನಮ್ಮ ವಿಮಾನವಲ್ಲ, ನಮ್ಮದು ಚೆನ್ನಾಗಿಯೇ ಇತ್ತು, ನಾನೇ ಬಿದ್ದದ್ದು ಎಂದು ಹೇಳುವುದು ಹೇಗೆ? ಜೊತೆಗಾರರ ಹೆಸರನ್ನು ಯಾರೂ ಕೇಳಲಿಲ್ಲ. ಕೇಳುವುದು ಅಸಭ್ಯ ಎಂದು ಅವರಿಗೆ ಅನಿಸಿತು. ಮರುದಿನ ಹೇಳೋಣ ಎಂದುಕೊಂಡ. ಮರುದಿನ ಅವರು ಹೂ ತಂದರು.

ಅವನಿಗೆ ಫ್ರೆಂಚ್ ಬರುತ್ತಿತ್ತು, ಕೆನಡಾದ ಗೋಧಿಸೀಮೆಯ ಅಜ್ಜಿಯಿಂದ ಬಂದದ್ದು. ಮೇಷ್ಟ್ರು ಅದನ್ನು ಎರಡು ನಿಮಿಷ ಕೇಳಿ, "ಈ ಮಾತು ಹೊರಗೆ ಬಿದ್ರೆ ನಿನ್ನ ಇಂಗ್ಲಿಷ್‌ಗಿಂತ ಬೇಗ ನೇಣಿಗೇರಿಸುತ್ತೆ ಕಣಯ್ಯ. ಇನ್ನೂರು ವರ್ಷದ ಹಿಂದೆ ಸತ್ತೋರು ಹೀಗೆ ಮಾತಾಡ್ತಿದ್ರು" ಎಂದು ಅವನನ್ನು ಕಿವುಡ ಮೂಗನನ್ನಾಗಿ ಮಾಡಿದರು. ವಿಚಿತ್ರವೆಂದರೆ, ಕಿವುಡನೆಂದು ಕಾಗದ ಮಾಡಿಸಿದ ಮೇಲೆ ಅದು ನಾಟಕವೆಂದು ಬಲ್ಲವರೂ ಅವನೆದುರು ಕಿವುಡನೆದುರು ಮಾತಾಡುವಂತೆಯೇ ಮಾತಾಡತೊಡಗಿದರು. ಅವನ ಕಾಲಿನ ವಾಸನೆ, ಅವನು ತಿನ್ನುವ ಆಲೂಗೆಡ್ಡೆ, ಎಲ್ಲ ಅವನ ತಲೆಯ ಮೇಲಿಂದ ಹಾದುಹೋಗುತ್ತಿದ್ದವು. ಹಾಗೆಯೇ ಅವನ ಶೌರ್ಯವೂ. ಮದಾಮ್ ಓರ್ತಾನ್ಸ್ ರೈಲ್ವೆ ಸ್ಟೇಷನ್ ಮಾಸ್ತರನ ವಿಧವೆ. ಗಂಡ ಹೋದ ಮೇಲೆ ಊರಲ್ಲಿ ಆಕೆಯನ್ನು ಮೊದಲು ಮಾತಾಡಿಸುವವರು ಕಡಿಮೆಯಾಗಿದ್ದರು. ಈಗ ಚರ್ಚಿನಲ್ಲಿ ಆಕೆಗೆ ಮುಂದಿನ ಬೆಂಚಿನಲ್ಲಿ ಜಾಗ ಬಿಡುತ್ತಾರೆ. ನೋಟರಿಯ ಹೆಂಡತಿಯ ಮಾಳಿಗೆಯಲ್ಲೂ ಒಬ್ಬ ವಿಮಾನದವನಿದ್ದನಂತೆ, ಆದರೆ ಅವನು ಹೊಟ್ಟೆ ಕೆಟ್ಟು ಹತ್ತು ದಿನ ನರಳಿದ್ದು ಬಿಟ್ಟರೆ ಮತ್ತೇನೂ ಹೇಳಿಕೊಳ್ಳುವಂಥದ್ದಿಲ್ಲ. ಇವನಾದರೋ ಉರಿಯುವ ವಿಮಾನದಲ್ಲಿ ಕೊನೆಯವರೆಗೆ ಬಂದೂಕು ಹಿಡಿದು ಕೂತವನು. ಮದಾಮ್ ಹೇಳುವ ಕಥೆಯಲ್ಲಿ ಮೊದಲ ವಾರ ಅವನು ಬೆಂಕಿಯಲ್ಲಿ ಕೂತದ್ದು ಎರಡು ನಿಮಿಷ. ಅಕ್ಟೋಬರಿನಲ್ಲಿ ಹತ್ತು. ಈಚೆಗೆ ಒಬ್ಬ ಗಾಯಾಳುವನ್ನು ಹೊತ್ತುಕೊಂಡೂ ಇದ್ದ.

"ನಾಳೆ ನಾನು ತೋಡಲ್ಲ, ನಾಡಿದ್ದೂ ತೋಡಲ್ಲ, ಈಗಲೇ ಹೇಳಿದೀನಿ."

ಎಲ್ಡನ್ ತಲೆ ಎತ್ತಲಿಲ್ಲ. ಕಿವುಡರು ಎತ್ತುವುದಿಲ್ಲ. ಗುಂಡಿ ತೋಡುವ ಒಡಿಲೋ ಸಲಿಕೆ ಊರಿಕೊಂಡು ಮದಾಮಿನ ಹಿಂದೆ ನಿಂತಿದ್ದ. ಕಾವಲಿನವನು ಸೇಬು ಮುಗಿಸಿ ಸೈಕಲ್ ಹತ್ತಿ ಹೋಗಿದ್ದ.

"ಮೆಲ್ಲಗೆ ಮಾತಾಡೋ ಒಡಿಲೋ. ಸತ್ತೋರಿಗೆಲ್ಲ ಕೇಳಿಸ್ಬೇಕಾ?"

"ಸತ್ತೋರಿಗೆ ನನ್ನ ಮೇಲೆ ಯಾವ ದೂರೂ ಇಲ್ಲ ಮದಾಮ್. ಬದುಕಿರೋರದ್ದೇ ಕಾಟ. ನಾಳೆ ಸಕಲ ಸಂತರು, ನಾಡಿದ್ದು ಸಕಲ ಆತ್ಮಗಳು. ನಮ್ಮಪ್ಪ ಆ ಎರಡು ದಿನ ಸಲಿಕೆ ಮುಟ್ಟಲಿಲ್ಲ, ಅವನಪ್ಪ ಮುಟ್ಟಲಿಲ್ಲ. ಆ ಗೂಢಚಾರನ್ನ ಮುಗಿಸೋದಾದ್ರೆ ಇವತ್ತೇ ಮುಗಿಸ್ಲಿ ಮೇಷ್ಟ್ರು. ಲಬಾರ್‌ನ ಬೇರು ಒಣಗಿಸೋ ಗೂಡಲ್ಲಿ ಕೂಡಿಹಾಕಿದೀವಲ್ಲ, ಅದರ ಹಿಂದೆ ತೋಡಿಟ್ಟು ಬಂದಿದೀನಿ. ತೆರೆದ ಗುಂಡೀನ ಹಬ್ಬದ ದಿನ ಹಾಗೇ ಬಿಟ್ರೆ ಊರಿಗೆ ಒಳ್ಳೇದಲ್ಲ."

"ಅವನು ಜರ್ಮನ್ ಅನ್ನೋದು ಖಂಡಿತಾನಾ?"

"ಲೆಕ್ಕ ಮಾಡಿ ನೀವೇ. ನಾನು ಹೂತಿದ್ದು ಆರು. ನಿಮ್ಮ ಮನೇಲಿ ಒಂದು. ಏಳು. ಇವನು ಹತ್ತು ದಿನದಿಂದ ಏನಂತಾನೆ? ನಾನೂ ಅದೇ ವಿಮಾನದೋನು ಅಂತಾನೆ. ಎಂಟನೇದು ಎಲ್ಲಿಂದ ಬಂತು? ಕಾಲು ಮುರಿದು ನದಿಯಾಚೆ ಇದ್ದಿಲು ಸುಡೋನ ಗುಡಿಸಲಲ್ಲಿ ಬಿದ್ದಿದ್ದೆ ಅಂತಾನೆ. ಇದ್ದಿಲಿನವನನ್ನ ಕೇಳೋಣ ಅಂದ್ರೆ ಅವನನ್ನ ಹದಿನೈದು ದಿನದ ಕೆಳಗೆ ಜರ್ಮನ್ನರು ಎತ್ತಾಕ್ಕೊಂಡು ಹೋದ್ರು. ಎಷ್ಟು ಅನುಕೂಲ ನೋಡಿ!"

"ಸತ್ತೋರ ಹೆಸರು ಹೇಳ್ತಾನಂತೆ?"

"ಹೇಳ್ದೆ ಏನು. ಶಿಲುಬೆ ಮೇಲೆ ಬರೆದಿಲ್ವಾ? ಗೂಢಚಾರನಿಗೆ ಕಣ್ಣಿರಲ್ವಾ?"

ಮದಾಮ್ ಓರ್ತಾನ್ಸ್ ಗಂಡನ ಕಲ್ಲಿನ ಮೇಲೆ ನೀರು ಸುರಿದಳು. "ಪಾಪ" ಎಂದಳು, ಯಾರಿಗೆಂದು ಹೇಳಲಿಲ್ಲ. "ಹಬ್ಬದ ಹಿಂದಿನ ದಿನ ಹಸಿದ ಹೊಟ್ಟೇಲಿ ಯಾರೂ ಹೋಗಬಾರದು. ಸೇಬು ಹಾಕಿ ರೊಟ್ಟಿ ಸುಟ್ಟಿದೀನಿ, ಎರಡು ತಂದುಕೊಡ್ತೀನಿ."

ಎಲ್ಡನ್ನನ ಕೈ ತಿಕ್ಕುತ್ತಲೇ ಇತ್ತು. ಹಿಕ್ಕೆ ಯಾವಾಗಲೋ ಹೋಗಿ, ಈಗ ಬಿಳಿ ಬಣ್ಣ ಹೋಗುತ್ತಿತ್ತು. ಅವನಿಗೆ ತನ್ನ ಮೈಯೊಳಗಿನ ಯಾವುದೋ ಒಂದು ಭಾಗ ಶಾಂತವಾಗಿ, ಅಂಗಡಿಯಲ್ಲಿ ತಕ್ಕಡಿ ಹಿಡಿದವನಂತೆ, ವಿಷಯವನ್ನು ತೂಗುತ್ತಿರುವುದು ಗೊತ್ತಾಯಿತು. ಆ ಗೂಡಿನಲ್ಲಿರುವವನೇ ನಿಜವಾದ ಏಳನೆಯವನು. ಈ ಊರಲ್ಲಿ ಅದು ಗೊತ್ತಿರುವುದು ಇಬ್ಬರಿಗೆ. ಒಬ್ಬನ ಮಾತನ್ನು ನಂಬುವುದಿಲ್ಲ, ಇನ್ನೊಬ್ಬ ಮೂಗ. ಇದರಲ್ಲಿ ಒಂದು ಅಚ್ಚುಕಟ್ಟು ಇತ್ತು. ಅವನು ಏನೂ ಮಾಡಬೇಕಾಗಿಯೇ ಇರಲಿಲ್ಲ. ಏನೂ ಮಾಡದೆ ಇರುವುದರಲ್ಲಿ ಎಂಟು ವಾರದ ಅನುಭವವೂ ಇತ್ತು. ಹೇಳಿದರೆ ಏನಾಗುತ್ತದೆ? ಹೇಳಿದರೆ ವಿಮಾನವಿಲ್ಲದ ವಿಮಾನದವನು, ಅಂದರೆ ಗೂಢಚಾರ, ನಾನಾಗುತ್ತೇನೆ. ಒಡಿಲೋಗೆ ಗುಂಡಿ ಯಾರಿಗಾದರೂ ಸರಿಯೆ, ಇವತ್ತು ತುಂಬಿದರಾಯಿತು. ಅವನಿಗೆ ಸಾಯುವ ಭಯ ಆಯಿತು. ಆದರೆ ಆ ಭಯದ ಪಕ್ಕದಲ್ಲೇ, ಅದಕ್ಕಿಂತ ಒಂದು ಗೇಣು ಎತ್ತರವಾಗಿ, ಮದಾಮ್ ಓರ್ತಾನ್ಸಿನ ಮುಖ ಬಾಡುವುದನ್ನು ನೋಡಬೇಕಾಗುತ್ತದಲ್ಲ ಎಂಬ ಭಯ ನಿಂತಿತ್ತು. ತನ್ನ ಬಗ್ಗೆ ಇದು ತಿಳಿದು ಅವನಿಗೆ ಹೇಸಿಗೆಯಾಯಿತು. ಹೇಸಿಗೆ ಆಗಿದ್ದು ಒಂದು ಒಳ್ಳೆಯ ಲಕ್ಷಣವೆಂದು ಕೂಡಲೇ ಸಮಾಧಾನವೂ ಆಯಿತು. ಅದಕ್ಕೆ ಮತ್ತೆ ಹೇಸಿಗೆಯಾಯಿತು.

ಅರ್ಸೆನ್ ಮೇಷ್ಟ್ರು ಮಧ್ಯಾಹ್ನ ಮದಾಮಿನ ಅಡುಗೆಮನೆಗೆ ಬಂದು ಟೋಪಿ ತೆಗೆದು ಮಂಡಿಯ ಮೇಲಿಟ್ಟುಕೊಂಡರು. "ಸಣ್ಣ ಕೆಲಸ ಕಣಪ್ಪ" ಎಂದರು. "ಒಬ್ಬನ್ನ ನೋಡ್ಬೇಕು. ನೋಡಿ, ಗೊತ್ತು ಅಂತಲೋ ಇಲ್ಲ ಅಂತಲೋ ಒಂದು ಮಾತು ಹೇಳ್ಬೇಕು. ಗೊತ್ತಿಲ್ಲ ಅಂತ ನನಗೆ ಗೊತ್ತು. ಆದ್ರೂ ಕ್ರಮ ಅಂತ ಒಂದಿದೆಯಲ್ಲ. ನಾವೇನು ಜರ್ಮನ್ನರಲ್ಲ."

ಲಬಾರ್‌ನ ಹೊಲದ ದಾರಿಯಲ್ಲಿ ಮೇಷ್ಟ್ರು ಮುಂದೆ, ರೊಟ್ಟಿಯ ಬುಟ್ಟಿ ಹಿಡಿದ ಮದಾಮ್ ನಡುವೆ, ಎಲ್ಡನ್ ಹಿಂದೆ. ಬೀಟ್‌ಗೆಡ್ಡೆ ಕಿತ್ತ ಹೊಲದಲ್ಲಿ ಒಂದು ಕಡೆ ಮಾತ್ರ ಮಣ್ಣು ಕಪ್ಪಗಿತ್ತು. ಅದನ್ನು ದಾಟುವಾಗ ಮದಾಮ್ ಹಿಂತಿರುಗಿ ಅವನ ತೋಳು ಹಿಚುಕಿದಳು. ಗೊತ್ತಿಲ್ಲ ಎಂದರೆ ಸಾಕು, ಎಂದು ಅವನು ಯೋಚಿಸುತ್ತಿದ್ದ. ಅದು ಅಪ್ಪಟ ಸತ್ಯ. ಎಂಟು ವಾರದಲ್ಲಿ ಮೊದಲ ಬಾರಿಗೆ ಒಂದು ಸತ್ಯ ಹೇಳುವ ಅವಕಾಶ ಬಂದಿದೆ. ಹೇಳಿದರೆ ಒಬ್ಬ ಸಾಯುತ್ತಾನೆ. ಹೊಲ ಮುಗಿಯುವ ಹೊತ್ತಿಗೆ ಅವನಿಗೆ ಉಪಾಯ ಹೊಳೆಯಿತು. ಹೊಸ ಪೈಲಟ್‌ಗಳನ್ನು ಮೊದಲ ಸಲ ನೋಡಿ ಕಲಿಯಲೆಂದು ಅನುಭವವಿದ್ದವರ ಜೊತೆ ಕಳಿಸುವುದುಂಟು. ಆಗ ವಿಮಾನದಲ್ಲಿ ಎಂಟು ಜನ. ಇವನು ನಮ್ಮವನೇ, ಎಂಟನೆಯವನು, ನಾನು ಮೊದಲ ದಿನ ದುಃಖದಲ್ಲಿ ಏಳು ಎಂದುಬಿಟ್ಟೆ ಎಂದರೆ ಮುಗಿಯಿತು. ಅವನೂ ಬದುಕುತ್ತಾನೆ, ನಾನೂ ಬದುಕುತ್ತೇನೆ, ಬೆಂಕಿಯೂ ಹಾಗೇ ಉರಿಯುತ್ತಿರುತ್ತದೆ. ಅವನ ಹೆಜ್ಜೆ ಹಗುರಾಯಿತು. ತಾನು ಮೂಲತಃ ಒಳ್ಳೆಯ ಮನುಷ್ಯನೆಂದು ಅನಿಸಿತು. ಬುಟ್ಟಿಯಿಂದ ಬರುತ್ತಿದ್ದ ಸೇಬಿನ ಪರಿಮಳವೂ ಮೂಗಿಗೆ ಹತ್ತಿತು.

ಚಿಕೋರಿ ಬೇರು ಒಣಗಿಸುವ ಆ ಇಟ್ಟಿಗೆ ಗೂಡಿನೊಳಗೆ ಸುಟ್ಟ ಸಕ್ಕರೆಯ ವಾಸನೆ ಇತ್ತು. ಬೇರಿನ ರಾಶಿಯ ಮೇಲೆ ಒಬ್ಬ ಕುಳ್ಳ ಮನುಷ್ಯ, ಕಾಲಿಗೆ ಮರದ ಪಟ್ಟಿ ಕಟ್ಟಿಕೊಂಡು, ಕೈಗಳನ್ನು ಹಿಂದಕ್ಕೆ ಕಟ್ಟಿಸಿಕೊಂಡು ಕೂತಿದ್ದ. ಕೆಂಪು ಗಡ್ಡ, ಒಡೆದ ತುಟಿ. ಬಾಗಿಲಲ್ಲಿ ಒಡಿಲೋ ಹಳೆಯ ಪಿಸ್ತೂಲೊಂದನ್ನು ಕೋಟಿನ ತುದಿಯಿಂದ ಒರೆಸುತ್ತಿದ್ದ. ಆ ಮನುಷ್ಯ ಎಲ್ಡನ್ನನನ್ನು ನೋಡಿದ, ಮದಾಮಿನ ಬುಟ್ಟಿಯನ್ನು ನೋಡಿದ, ಬುಟ್ಟಿಯನ್ನೇ ನೋಡುತ್ತಾ ಉಳಿದ.

"ಇವನು ಗೊತ್ತಾ?" ಎಂದರು ಮೇಷ್ಟ್ರು.

"ಗೊತ್ತು" ಎಂದ ಎಲ್ಡನ್. ಎಂಟು ವಾರ ಬಳಸದ ಗಂಟಲು ಕೀರಲಾಗಿತ್ತು. "ನಮ್ಮೋನೇ. ನಾವು ಎಂಟು ಜನ ಇದ್ವಿ ಮೇಷ್ಟ್ರೇ. ಇವನು ಹೊಸ ಪೈಲಟ್ಟು, ನೋಡಿ ಕಲೀಲಿ ಅಂತ ಜೊತೇಲಿ ಕಳಿಸಿದ್ರು. ಅವತ್ತು ನನಗೆ ಏನು ಹೇಳ್ತಿದೀನಿ ಅನ್ನೋದೇ ಗೊತ್ತಾಗ್ಲಿಲ್ಲ."

ಮೇಷ್ಟ್ರ ಮುಖ ಅರಳಿತು. ಹುಡುಗನೊಬ್ಬ ಕಷ್ಟದ ಲೆಕ್ಕವನ್ನು ಬಿಡಿಸಿದಾಗ ಅರಳುವಂತೆ. "ಆರೂ ಎರಡೂ ಎಂಟು" ಎಂದರು. "ಎಷ್ಟು ಸುಲಭ! ಒಡಿಲೋ, ಕೈ ಬಿಚ್ಚು." ಆಮೇಲೆ, ಉತ್ತರವನ್ನು ತಿರುವಿಹಾಕಿ ತಾಳೆ ನೋಡದೆ ಬಿಡದ ಮೂವತ್ತು ವರ್ಷದ ಅಭ್ಯಾಸದಿಂದ, ಆ ಕುಳ್ಳನ ಕಡೆ ತಿರುಗಿ ವ್ಯಾಕರಣ ಪುಸ್ತಕದಿಂದ ಕಲಿತ ತಮ್ಮ ಇಂಗ್ಲಿಷಿನಲ್ಲಿ ಕೇಳಿದರು: "ಮಾನ್ಯ ಮಹಾಶಯರೇ, ವಿಮಾನದ ಬಾಲದಲ್ಲಿ ಆಸೀನರಾಗಿದ್ದ, ತಮ್ಮನ್ನು ನೂತನ ಪೈಲಟ್ ಎಂದು ಹೇಳುವ ಈ ಸದ್ಗೃಹಸ್ಥರನ್ನು ತಾವು ಈ ಮುನ್ನ ಕಂಡು ಅರಿತಿರುವಿರೋ?"

"ಈ ಮೂತೀನಾ?" ಎಂದ ಕುಳ್ಳ. "ಜನ್ಮದಲ್ಲಿ ನೋಡಿಲ್ಲ ಗುರೂ."

ಎಲ್ಡನ್ ಅವನಿಗೆ ಕಣ್ಣು ಮಿಟುಕಿಸಿದ. ಹುಬ್ಬು ಹಾರಿಸಿದ. ಕುಳ್ಳನಿಗೆ ಸಿಟ್ಟು ಬಂತು.

"ನನಗ್ಯಾಕಯ್ಯ ಕಣ್ಣು ಹೊಡೀತೀಯ? ಹತ್ತು ದಿನದಿಂದ ಹೇಳ್ತಾ ಇದೀನಿ, ನನ್ನ ಹೆಸರು ನಾರ್ಮನ್ ಬಿಬ್ಬಿ, ರೇಡಿಯೋದೋನು. ಪೈಲಟ್ಟೂ ಅಲ್ಲ ಪಾದ್ರೀನೂ ಅಲ್ಲ. ನಾವು ಏಳೇ ಜನ. ಈ ಮನುಷ್ಯ ಏನಂತಾನೆ? ಬಾಲದಲ್ಲಿ ಕೂರ್ತಿದ್ದೋನಂತಾ? ನಮ್ಮ ಬಾಲದೋನು ಪಿಕರಿಂಗ್. ಅವನನ್ನ ನೀವೇ ಹೂತಿದೀರಲ್ಲ!"

ಮೇಷ್ಟ್ರು ಅದನ್ನು ಮೆಲ್ಲಗೆ ಫ್ರೆಂಚಿಗೆ ತಂದರು. ಹೇಳುತ್ತಾ ಹೇಳುತ್ತಾ ಅವರ ದನಿ ತಣ್ಣಗಾಯಿತು. ಮದಾಮ್ ಬುಟ್ಟಿಯನ್ನು ಎದೆಗೆ ಅಪ್ಪಿಕೊಂಡಳು. ಒಡಿಲೋ, ಬಿಚ್ಚಲು ಹೋಗಿದ್ದ ಗಂಟನ್ನು ಅರ್ಧಕ್ಕೇ ಬಿಟ್ಟು, ಇಬ್ಬರನ್ನೂ ಅಳೆಯುವವನಂತೆ ನೋಡಿದ.

"ನಾನು ತೋಡಿರೋದು ಒಂದೇ ಮೇಷ್ಟ್ರೇ" ಎಂದ. "ಇಬ್ಬರು ಅಂತ ಮೊದಲೇ ಹೇಳ್ಬೇಕಿತ್ತು."

ಎಲ್ಡನ್ ಆಗ ಹೇಳಿದ. ಧೈರ್ಯದಿಂದಲ್ಲ, ಮಾತು ಬಾಯಿಂದ ಬಿತ್ತು, ಅವನು ವಿಮಾನದಿಂದ ಬಿದ್ದಂತೆಯೇ, ಯಾರ ಅಪ್ಪಣೆಗೂ ಕಾಯದೆ. ಅಜ್ಜಿಯ ಭಾಷೆಯಲ್ಲಿ ವಿಮಾನಕ್ಕೆ ಪದವಿರಲಿಲ್ಲ, ನಾಚಿಕೆಗೆ ಹನ್ನೆರಡಿದ್ದವು. ಹಾಗಾಗಿ ಬಹಳ ತಡವರಿಸಬೇಕಾಗಲಿಲ್ಲ. ಕಿತ್ತಳೆ ಬೆಳಕು, ಕಳಚಿದ ತಂತಿ, ನಲವತ್ತು ಸಲದ ಅಭ್ಯಾಸ, ಎಲ್ಲ ಹೇಳಿದ. ಮೇಲೆತ್ತಿದ ಕೈಯನ್ನೂ ಹೇಳಿದ. ಅದನ್ನು ಹೇಳುವ ಅಗತ್ಯವೇ ಇರಲಿಲ್ಲ. "ಇಲ್ಲಿ ಬಿದ್ದ ವಿಮಾನ ನಂದಲ್ಲ. ನಂದು ಎಲ್ಲೂ ಬೀಳಲೇ ಇಲ್ಲ. ಈ ಆರು ಜನ ಯಾರೋ ನನಗೆ ಗೊತ್ತಿಲ್ಲ. ಏಳನೆಯವನು ಇವನು."

"ಸುಳ್ಳು!" ಎಂದಳು ಮದಾಮ್ ಓರ್ತಾನ್ಸ್. "ಇವನಿಗೆ ಜ್ವರ ಬಂದಿದೆ ಮೇಷ್ಟ್ರೇ. ಬೆಳಗ್ಗೆಯಿಂದ ಒದ್ದೆ ನೆಲದಲ್ಲಿ ಮಂಡಿ ಊರಿ ಕೂತಿದ್ದ. ಏ ಮಗು, ಸುಮ್ನಿರು, ನೀನು ಮೂಗ!"

ಮೇಷ್ಟ್ರು ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು, ಮತ್ತೆ ತೆಗೆದರು. ಗೂಡಿನ ಸೂರಿನ ಮೇಲೆ ಪಾರಿವಾಳಗಳು ನಡೆದಾಡುವ ಸದ್ದು ಕೇಳುತ್ತಿತ್ತು. ಎಲ್ಡನ್ ತನ್ನ ಮಂಡಿಗೆ ಅಂಟಿದ್ದ ಸ್ಮಶಾನದ ಮಣ್ಣನ್ನು ಕೊಡವಿಕೊಂಡ, ಅದನ್ನು ಯಾರಾದರೂ ಗಮನಿಸಿದರೋ ಎಂದು ನೋಡಿದ, ಸಾಯುವ ಹೊತ್ತಿನಲ್ಲೂ ಇದೇ ಯೋಚನೆಯೇ ಎಂದುಕೊಂಡ.

"ಜರ್ಮನ್ನರು ಗೂಢಚಾರನ್ನ ಕಳಿಸುವಾಗ" ಎಂದರು ಮೇಷ್ಟ್ರು ಕಡೆಗೆ, ಪಾಠ ಹೇಳುವವರಂತೆ, "ಒಳ್ಳೆ ದರ್ಜಿಯಿಂದ ಕಥೆ ಹೊಲಿಸಿ ಕಳಿಸ್ತಾರೆ. ಬೆಂಕಿ ಇರುತ್ತೆ, ಸಾಹಸ ಇರುತ್ತೆ. ಮದಾಮ್ ಇಷ್ಟು ದಿನ ಹೇಳ್ತಿದ್ರಲ್ಲ, ಅಂಥದ್ದು. ಅದನ್ನ ಕೇಳ್ತಾ ಕೇಳ್ತಾ ನನಗೇ ಒಂದೊಂದು ಸಲ ಅನುಮಾನ ಬರ್ತಿತ್ತು. ಆದ್ರೆ ಇದು! ಇಂಥ ಕಥೆ ಕೊಟ್ಟು ಒಬ್ಬನ್ನ ಕಳಿಸೋ ಅಂಥ ಕರ್ನಲ್ಲು ಆ ಇಡೀ ಸೈನ್ಯದಲ್ಲಿ ಇಲ್ಲ. ಒಬ್ಬ ಮನುಷ್ಯ ಇದನ್ನ ಕಟ್ಟಿ ಹೇಳೋಕೆ ಸಾಧ್ಯವಿಲ್ಲ. ಇಬ್ಬರ ಮಾತೂ ತಾಳೆ ಆಗುತ್ತೆ. ಕೈ ಬಿಚ್ಚು ಒಡಿಲೋ."

"ಮತ್ತೆ ಗುಂಡಿ?"

"ಮುಚ್ಚು."

"ಈಗ ತೋಡು ಅನ್ನೋದು, ಈಗ ಮುಚ್ಚು ಅನ್ನೋದು" ಎಂದು ಗೊಣಗಿಕೊಂಡು ಒಡಿಲೋ ಗಂಟು ಬಿಚ್ಚಿ ಹೊರಗೆ ಹೋದ.

ಬಿಬ್ಬಿ ಮಣಿಕಟ್ಟು ಉಜ್ಜಿಕೊಳ್ಳುತ್ತಾ, ಇದೆಲ್ಲ ಏನೆಂದು ಕೇಳಿದ. ಎಲ್ಡನ್ ಅವನಿಗೆ ಇಂಗ್ಲಿಷಿನಲ್ಲಿ ಹೇಳಿದ. ಎರಡನೆಯ ಸಲ ಹೇಳುವಾಗ ಅದು ಚಿಕ್ಕದಾಗಿತ್ತು. ಬಿಬ್ಬಿ ನಕ್ಕ. ಬೇರಿನ ರಾಶಿಯ ಮೇಲೆ ಹಿಂದಕ್ಕೆ ಬಿದ್ದು, ಮುರಿದ ಕಾಲು ಹಿಡಿದುಕೊಂಡು, ಒಡೆದ ತುಟಿಯಿಂದ ರಕ್ತ ಬರುವವರೆಗೂ ನಕ್ಕ. ಮದಾಮ್ ಕೊಟ್ಟ ರೊಟ್ಟಿ ಬಾಯಲ್ಲಿರುವಾಗಲೇ ಮತ್ತೊಮ್ಮೆ ನಕ್ಕು ಕೆಮ್ಮಿದ. ಆಮೇಲೆ ಅಗಿಯುವುದನ್ನು ನಿಲ್ಲಿಸಿದ.

"ತಂತಿ ವಾಪಸ್ ಚುಚ್ಚಲೇ ಇಲ್ವಾ?"

"ಇಲ್ಲ."

"ಪಿಕರಿಂಗ್ ಚುಚ್ಚಿಕೊಂಡ" ಎಂದ ಬಿಬ್ಬಿ. "ಕೇಳಿಸ್ತು ನನಗೆ. 'ಬಾಲದೋನು ಸಿದ್ಧ, ಕ್ಯಾಪ್ಟನ್' ಅಂದ. ಕ್ಯಾಪ್ಟನ್ ಮಾತಾಡೋ ಸ್ಥಿತೀಲಿ ಇರ್ಲಿಲ್ಲ. ಇನ್ನೊಂದು ಸಲ ಅಂದ. ಆಮೇಲೆ ನನ್ನ ಪಕ್ಕದ ಗೋಡೆ ಕಿತ್ಕೊಂಡು ಹೋಯ್ತು, ಅದರ ಜೊತೆ ನಾನೂ ಹೋದೆ. ಅವನು ಹೇಳ್ತಾನೇ ಇದ್ನೋ ಏನೋ."

ಮೇಷ್ಟ್ರು ಇದನ್ನು ಮದಾಮಿಗೆ ಫ್ರೆಂಚಿನಲ್ಲಿ ಹೇಳಲಿಲ್ಲ. ಟೋಪಿ ಹಾಕಿಕೊಂಡು, ಊರಿಗೆ ಎಂಟು ಜನ ಎಂದೇ ಹೇಳೋಣ, ಲೆಕ್ಕ ಸುಲಭ, ಎಂದರು.

ಮರುದಿನ ಬೆಳಗ್ಗೆ ಪೂಜೆ ಮುಗಿದ ಮೇಲೆ ಊರೆಲ್ಲ ಸೇವಂತಿಗೆ ಕುಂಡ ಹಿಡಿದು ಸ್ಮಶಾನಕ್ಕೆ ಬಂತು. ಮದಾಮ್ ಓರ್ತಾನ್ಸಿನ ಹಿಂದೆ ಈಗ ಇಬ್ಬರು ಕಿವುಡರು. ತಮ್ಮನ ಮಕ್ಕಳಿಬ್ಬರೂ ಹೀಗೇ, ವಂಶದಲ್ಲೇ ಬಂದದ್ದು, ಎಂದು ಆಕೆ ಕಾವಲಿನವನಿಗೆ ಹೇಳಿದ್ದಳು. ಅವನು ಅಯ್ಯೋ ಪಾಪ ಎಂದಿದ್ದ. ಗಡ್ಡ ಬೋಳಿಸಿದ ಬಿಬ್ಬಿ ಸ್ಟೇಷನ್ ಮಾಸ್ತರನ ಉದ್ದನೆಯ ಕೋಟಿನಲ್ಲಿ, ಕೋಲೂರಿ, ಆರು ಶಿಲುಬೆಗಳ ಮುಂದೆ ನಿಂತ. ಅವನ ಮುಖದಲ್ಲಿ ಯಾವ ದರ್ಜೆಯ ದುಃಖವೂ ಇರಲಿಲ್ಲ. ಏನೂ ಇರಲಿಲ್ಲ. ಎಲ್ಡನ್ ಅದನ್ನು ಕದ್ದು ನೋಡಿದ, ಎಂಟು ವಾರ ತಾನು ಅಭ್ಯಾಸ ಮಾಡಿದ್ದೆಲ್ಲ ತಪ್ಪು ಪಾಠ ಎಂದು ತಿಳಿಯಿತು.

ಹಿಂದೆ ಮದಾಮ್ ನೋಟರಿಯ ಹೆಂಡತಿಯ ಕೈ ಹಿಡಿದುಕೊಂಡಿದ್ದಳು. ಪಿಸುದನಿ, ಮೂರು ಗೋರಿಗಳಾಚೆಗೂ ಕೇಳುವಂಥ ಪಿಸುದನಿ.

"ಒಬ್ಬ ಅಪರಿಚಿತನ ಜೀವ ಉಳಿಸೋಕೆ, ಕೇಳಮ್ಮ, ತನ್ನ ಮೇಲೆ ತಾನೇ ಎಂಥ ಮಾತು ಹೇಳ್ಕೊಂಡ ಗೊತ್ತಾ! ನನ್ನ ಬಾಯಲ್ಲಿ ಅದನ್ನ ಹೇಳೋಕಾಗಲ್ಲ. ಹೇಡಿ ಅಂತ ಹೇಳ್ಕೊಂಡ! ಪಿಸ್ತೂಲು ಎದುರಿಗಿತ್ತು. ಮೇಷ್ಟ್ರು ಅದನ್ನ ನಿಜ ಅಂತಲೇ ನಂಬಿದ್ರು, ಗಂಡಸರ ಬುದ್ಧಿ ಅಷ್ಟೇ. ನಾನು ಎರಡು ತಿಂಗಳು ಅನ್ನ ಹಾಕಿದೋಳು. ನನಗೆ ಗೊತ್ತಾಗಲ್ವಾ?"

"ದೇವರೇ!" ಎಂದಳು ನೋಟರಿಯ ಹೆಂಡತಿ, ಸೋತ ದನಿಯಲ್ಲಿ. "ನಮ್ಮನೇಲಿದ್ದೋನು ಬರೀ ಹೊಟ್ಟೆ ನೋವು ಅಂತಿದ್ದ."

ಸ್ವಲ್ಪ ಹೊತ್ತಿನಲ್ಲಿ ಆಕೆಯೇ ಬಂದು, ಅತ್ತಿತ್ತ ನೋಡಿ, ತನ್ನ ಅತ್ತೆಯ ಗೋರಿಗೆಂದು ತಂದಿದ್ದ ಹಳದಿ ಸೇವಂತಿಗೆಯ ಕುಂಡವನ್ನು ಎಲ್ಡನ್ನನ ಬೂಟುಗಳ ಪಕ್ಕದಲ್ಲಿ ಇಟ್ಟು ಹೋದಳು. ಬದುಕಿರುವವನ ಮುಂದೆ ಸೇವಂತಿಗೆ ಇಡುವ ಪದ್ಧತಿ ಆ ಊರಲ್ಲಿರಲಿಲ್ಲ. ಅವನು ಬಾಯಿ ತೆರೆದ. ಗೇಟಿನಲ್ಲಿ ಕಾವಲಿನವನಿದ್ದ. ಬಾಯಿ ಮುಚ್ಚಿದ. ಬಗ್ಗಿ ಆ ಕುಂಡವನ್ನು ಎತ್ತಿಕೊಂಡು, ಎಲ್ಲಿಡುವುದೆಂದು ತಿಳಿಯದೆ, ಮಗುವನ್ನು ಹಿಡಿದುಕೊಂಡವನಂತೆ ನಿಂತ.

ಬಿಬ್ಬಿ ತುಟಿ ಅಲ್ಲಾಡಿಸದೆ, ಶಿಲುಬೆಯ ಕಡೆಗೇ ನೋಡುತ್ತಾ ಕೇಳಿದ. "ನೀನು ಹಾರಿದ ಮೇಲೆ ನಿಮ್ಮದು ನೆಟ್ಟಗೆ ಹೋಗ್ತಿತ್ತು ಅಂದೆಯಲ್ಲ. ಎಷ್ಟು ಹೊತ್ತು ಕಾಣಿಸ್ತು?"

"ಒಂದು ನಿಮಿಷ. ಆಮೇಲೆ ಮೋಡ."

"ಮೋಡದಾಚೆ?"

ಎಲ್ಡನ್ನನ ಯೋಚನೆ ಮೋಡದಾಚೆಗೆ ಹೋಯಿತು. ಮೊಟ್ಟೆ ಈ ಸಲ ಅಡ್ಡ ಬರಲಿಲ್ಲ. ಮೂರು ಎಂಜಿನ್ನಿನ ಆ ವಿಮಾನ ಮೋಡದಿಂದಾಚೆಗೆ ಬಂತು, ತಿಂಗಳ ಬೆಳಕಿನಲ್ಲಿ, ಅದರ ಬಾಲದಲ್ಲಿ ಖಾಲಿ ಕುರ್ಚಿ, ಬಂದೂಕುಗಳು ಸುಮ್ಮನೆ ನೆಲದ ಕಡೆ ಮೂತಿ ಮಾಡಿಕೊಂಡು. ಕ್ಯಾಪ್ಟನ್ನು ಕೇಳುತ್ತಿದ್ದಾನೆ, ಬಾಲದವನೇ, ಹಿಂದೆ ಏನಾದರೂ ಬರುತ್ತಿದೆಯಾ? ಮತ್ತೊಮ್ಮೆ ಕೇಳುತ್ತಿದ್ದಾನೆ.

ಬಿಬ್ಬಿ ಕೈ ಚಾಚಿ ಕುಂಡವನ್ನು ಅವನಿಂದ ತೆಗೆದುಕೊಂಡ. ಮುರಿದ ಕಾಲನ್ನು ಪಕ್ಕಕ್ಕೆ ಚಾಚಿ, ಕಷ್ಟಪಟ್ಟು ಬಗ್ಗಿ, ಅದನ್ನು ಪಿಕರಿಂಗ್‌ನ ಶಿಲುಬೆಯ ಬುಡದಲ್ಲಿ ಇಟ್ಟ. ಬಣ್ಣ ಹೋಗಿ ಮರ ಕಾಣುತ್ತಿದ್ದ ಜಾಗವನ್ನು ಹೆಬ್ಬೆರಳಿನಿಂದ ಮುಟ್ಟಿ ನೋಡಿದ.

"ಇಷ್ಟು ತಿಕ್ಕಬಾರದಿತ್ತು" ಎಂದ. "ಹೆಸರು ಹೋಗುತ್ತೆ."

ಆಮೇಲೆ ಏಳಲು ಕೈ ನೀಡಿದ. ಎಲ್ಡನ್ ಹಿಡಿದು ಎತ್ತಿದ. ಹಿಂದೆ ಯಾರೋ ಹೆಂಗಸು, ನೋಡಿ ನೋಡಿ, ಕಿವುಡರಿಬ್ಬರೂ ಎಷ್ಟು ಹೊಂದಿಕೊಂಡಿದ್ದಾರೆ, ಎಂದು ಬಿಕ್ಕಿದಳು. ಇಬ್ಬರಿಗೂ ಕೇಳಿಸಿತು. ಇಬ್ಬರೂ ತಿರುಗಲಿಲ್ಲ.